ಅತ್ಲಯ್ಯನ ಬೆತ್ತದ ಕುರ್ಚಿ

ಎಲ್ಲಾ ಕೆಟ್ಟಿದ್ದು ದೊಡ್ಡಮಲ್ಲಮ್ಮನ ಹೋಳಿಗೆಯಿಂದ.

ಅವತ್ತು ಭಾನುವಾರ, ಗುಂಡ್ಲುಪೇಟೆಯವರ ಮೇಲೆ ಫುಟ್‌ಬಾಲ್ ಮ್ಯಾಚು. ಚಾಮರಾಜನಗರದ ಹುಡುಗರನ್ನು ಬಸ್ಸಿಗೆ ತುಂಬಿಕೊಂಡು ಹೊರಟ ಕೋಚ್ ಅತ್ಲಯ್ಯ, ತೆರಕಣಾಂಬಿ ದಾಟುವವರೆಗೂ ಒಂದೇ ಮಾತು ಜಪಿಸುತ್ತಿದ್ದ.

"ಮ್ಯಾಚ್ ಮುಗಿಯೋಗಂಟ ಯಾರೂ ಉಣ್ಬಾರ್ದು ಕಣ್ರಲಾ. ಹೊಟ್ಟೆ ತುಂಬುದ್ರೆ ಕಾಲು ಓಡಕ್ಕಿಲ್ಲ."

ಮಾತು ಕೇಳಿ ನಮ್ಮ ಕಡೆಯವನು ಅಂದುಕೊಳ್ಳಬೇಡಿ. ಆಸಾಮಿ ಅಚ್ಚ ಇಟಲಿಯವನು, ಹೆಸರು ಅತ್ತಿಲಿಯೊ. ಅಲ್ಲಿ ಸಂಬಳಕ್ಕೆ ಫುಟ್‌ಬಾಲ್ ಆಡುತ್ತಿದ್ದ ಸ್ಟ್ರೈಕರ್, ಗೋಲು ಹೊಡೆಯುವುದೇ ಕಸುಬು. ಎರಡನೇ ಮಹಾಯುದ್ಧದಲ್ಲಿ ಸೆರೆ ಸಿಕ್ಕಿ ಬೆಂಗಳೂರಿನ ಕ್ಯಾಂಪಿಗೆ ಬಂದವನು, ಯುದ್ಧ ಮುಗಿದ ಮೇಲೆ ಚಾಮರಾಜನಗರದ ಸಾಹುಕಾರ ಶಿವರುದ್ರಸ್ವಾಮಿಗಳ ರೇಷ್ಮೆ ಕಾರ್ಖಾನೆಯಲ್ಲಿ ಬಾಯ್ಲರ್ ನೋಡಿಕೊಂಡು ನಿಂತುಬಿಟ್ಟ. ಕನ್ನಡ ಕಲಿಸಿದವರು ಗೂಡು ಬೇಯಿಸುವ ಹೆಂಗಸರು. ಹೆಸರು ನಾಲಗೆಗೆ ಹೊರಳದೆ ಅತ್ಲಯ್ಯ ಅಂದವರೂ ಅವರೇ.

ಆಡಿ ಆಡಿ ಅವನ ಮಂಡಿ ಎಂದೋ ಸವೆದಿತ್ತು. ಸ್ವಾಮಿಗಳಿಗೆ ಫುಟ್‌ಬಾಲ್ ಹುಚ್ಚು ಹಿಡಿದದ್ದೇ ಅವನ ಪುಣ್ಯ. ಅವನನ್ನು ಕೋಚ್ ಮಾಡಿ, ಮೈದಾನದ ಹುಣಸೆಮರದಡಿ ಒಂದು ಬೆತ್ತದ ಕುರ್ಚಿ ಹಾಕಿಸಿದರು. ಆಹಾ, ಆ ಕುರ್ಚಿಯ ಸುಖವೇ ಸುಖ! ಬಾಯ್ಲರಿನ ಬೇಗೆಯಿಲ್ಲ, ಬೆಂದ ಹುಳದ ನಾತವಿಲ್ಲ, ಮಂಡಿಗೆ ಕೆಲಸವೇ ಇಲ್ಲ.

"ಗೆದ್ರೆ ಕುರ್ಚಿ ಕಾಯಂ. ಗೆಲ್ದೆ ಇದ್ರೆ ಬಾಯ್ಲರ್ ಮುಂದೆ ನಡಿ," ಎಂದು ಹೇಳಿಯೇ ಸ್ವಾಮಿಗಳು ಬಸ್ಸು ಹತ್ತಿದ್ದರು.

ಗುಂಡ್ಲುಪೇಟೆಯಲ್ಲಿ ಇಳಿದರೆ, ಎದುರು ಪಾರ್ಟಿಯ ಗೋಲ್‌ಕೀಪರ್ ಗುರುಪಾದಸ್ವಾಮಿಯ ತಾಯಿ ದೊಡ್ಡಮಲ್ಲಮ್ಮ ಜಗಲಿ ಉದ್ದಕ್ಕೂ ಎಲೆ ಹಾಸಿಕೊಂಡು ನಿಂತಿದ್ದಾಳೆ!

"ಬನ್ರಪ್ಪ, ಕೈಕಾಲು ತೊಳ್ಕಳಿ."

"ಬ್ಯಾಡ ಕಣವ್ವ, ಮ್ಯಾಚ್ ಅದೆ," ಎಂದ ಅತ್ಲಯ್ಯ.

"ಏನಂದೆ? ಬಾಗ್ಲಿಗೆ ಬಂದೋರು ಹಸ್ಕೊಂಡು ಓದ್ರು ಅಂತ ಊರೋರೆಲ್ಲ ನನ್ನ ಮೊಖಕ್ಕೆ ಉಗಿಯಕ್ಕಿಲ್ವಾ?"

ಹೋಳಿಗೆಯ ಘಮಕ್ಕೆ ಹುಡುಗರು ಆಗಲೇ ಪಂಕ್ತಿಯಲ್ಲಿ ಕೂತಾಗಿತ್ತು. ಸ್ವಾಮಿಗಳೂ ಕೂತರು. ಅತ್ಲಯ್ಯ ಮಾತ್ರ, "ನಂಗೆ ಇವತ್ತು ಉಪಾಸ ಕಣವ್ವ," ಎಂದು ತಪ್ಪಿಸಿಕೊಂಡ.

"ಶಿವಶಿವಾ! ದೊರೆಗೂ ಉಪಾಸವಾ!" ಎಂದು ದೊಡ್ಡಮಲ್ಲಮ್ಮ ಕೈಮುಗಿದಳು. ಅವನ ಪಾಲಿನ ಹೋಳಿಗೆಯನ್ನೂ ಹುಡುಗರ ಎಲೆಗೇ ಬಡಿಸಿ, ಮೇಲೆ ತುಪ್ಪ ಸುರಿದಳು.

ಮ್ಯಾಚು ಶುರುವಾಯಿತು. ಆ ಕಡೆಯವರೂ ಅದೇ ಹೋಳಿಗೆ ಉಂಡವರಾದ್ದರಿಂದ ಎರಡೂ ಕಡೆ ಓಟವೆನ್ನುವುದೇ ಇಲ್ಲ. ಭತ್ತದ ಮೂಟೆಗಳು ಅಡ್ಡಾಡಿದಂತೆ ಅಡ್ಡಾಡಿದರು. ಕೊನೆಗೊಮ್ಮೆ ನಮ್ಮ ರಂಗನಾಯಕ ಹೇಗೋ ಬಾಲು ತಳ್ಳಿಕೊಂಡು ಗೋಲಿನ ಮುಂದೆ ಬಂದ. ಎದುರಿಗೆ ಗುರುಪಾದಸ್ವಾಮಿ ಒಬ್ಬನೇ.

"ಒದಿಯಲಾ!" ಅತ್ಲಯ್ಯ ಕಿರುಚಿದ.

ರಂಗನಾಯಕ ನಿಂತ. ಯೋಚಿಸಿದ. ಬಾಲನ್ನು ಮೆಲ್ಲಗೆ ಗುರುಪಾದಸ್ವಾಮಿಯ ಕೈಗೇ ಉರುಳಿಸಿ ವಾಪಸು ಬಂದ.

"ಯಾಕ್ಲಾ, ಏನಾಯ್ತ್ಲಾ ನಿಂಗೆ?"

"ಎಂಗೆ ಒದೀಲಿ ಸಾಮಿ? ಈಗಿನ್ನೂ ಆಯಮ್ಮನ ಕೈಲಿ ಉಂಡಿವ್ನಿ. ಅವಳ ಮಗನ ಮಾನ ಕಳೀಲಾ? ನನ್ನ ಕೈಲಾಗಕ್ಕಿಲ್ಲ ಬುಡಿ."

"ನಂಗೂ ಆಗಕ್ಕಿಲ್ಲ," ಎಂದು ಬೋರಯ್ಯ ಹೊಟ್ಟೆ ಹಿಡಿದುಕೊಂಡು ನೆಲದ ಮೇಲೇ ಕೂತುಬಿಟ್ಟ. ಉಳಿದವರೆಲ್ಲ ತಲೆಯಾಡಿಸಿದರು.

ಸ್ವಾಮಿಗಳು ಗಡಿಯಾರ ನೋಡಿ, "ಬಾಯ್ಲರ್ ಕಾಯ್ತಾ ಅದೆ ಕಣಯ್ಯ," ಎಂದರು. ಅತ್ಲಯ್ಯ ಹುಡುಗರನ್ನೆಲ್ಲ ಒಮ್ಮೆ ನೋಡಿದ. ಇಡೀ ತಂಡದಲ್ಲಿ ಆ ಮನೆಯ ಉಪ್ಪು ಮುಟ್ಟದವನು ತಾನೊಬ್ಬನೇ! ಕೋಟು ಬಿಚ್ಚಿ ಎಸೆದು, ಬೋರಯ್ಯನ ಬದಲಿಗೆ ಕುಂಟುತ್ತಲೇ ನುಗ್ಗಿದ. ರೆಫ್ರಿಯಾಗಿದ್ದ ಡ್ರಿಲ್ ಮಾಸ್ತರರು, "ತಲೆ ಲೆಕ್ಕಕ್ಕೆ ಸರಿಯಿದ್ರಾಯ್ತು," ಎಂದು ಸುಮ್ಮನಾದರು.

ಬಾಲು ಕಾಲಿಗೆ ಸಿಕ್ಕಿತು ನೋಡಿ, ಹಳೇ ಕಸುಬು ನೆನಪಾಯಿತು. ಹಲ್ಲುಕಚ್ಚಿ ಒಂದೇ ಒದೆತ. ಗುರುಪಾದಸ್ವಾಮಿ ಕಣ್ಣುಬಿಡುವಷ್ಟರಲ್ಲಿ ಗೋಲು! ಹಿಂದೆಯೇ ಮ್ಯಾಚ್ ಮುಗಿದ ಸೀಟಿಯೂ ಕೇಳಿತು. ಅತ್ಲಯ್ಯನ ಕಣ್ಣಲ್ಲಿ ನೀರು ಬಂತು, ಅರ್ಧ ಖುಷಿಗೆ, ಅರ್ಧ ಮಂಡಿನೋವಿಗೆ.

ದೊಡ್ಡಮಲ್ಲಮ್ಮನಿಗೆ ಕೋಪವೇನೂ ಇರಲಿಲ್ಲ. "ಈಗ್ಲಾರ ಉಪಾಸ ಬುಡಪ್ಪ," ಎಂದು ಕರೆದು ಕೂರಿಸಿ ಬಡಿಸಿದಳು. ಕುರ್ಚಿ ಗೆದ್ದ ಸಂತೋಷಕ್ಕೆ ಅತ್ಲಯ್ಯ ಕೇಳಿ ಕೇಳಿ ಹಾಕಿಸಿಕೊಂಡ.

ಸ್ವಾಮಿಗಳು ಓಡೋಡಿ ಬಂದರು. "ಎಂಥಾ ಒದೆತ ಕಣಯ್ಯ! ಇಂಥಾ ಕಾಲಿಟ್ಕೊಂಡು ಕುರ್ಚೀಲಿ ಕೂರೋದು ಅನ್ಯಾಯ. ಇನ್ಮೇಲೆ ನೀನೇ ನಮ್ಮ ಸ್ಟ್ರೈಕರ್!"

ಅತ್ಲಯ್ಯ ಕೈಯಲ್ಲಿದ್ದ ತುತ್ತನ್ನು ಎಲೆಗೇ ಇಳಿಸಿದ. "ಮತ್ತೆ ಕೋಚು?"

"ರಂಗನಾಯಕ. ಗೋಲು ಹೊಡೆಯೋಕೆ ಮನಸ್ಸಿಲ್ಲ ಅವನಿಗೆ, ಕುರ್ಚೀಲಿ ಕೂತಿರಲಿ."

ಅತ್ಲಯ್ಯನಿಗೆ ತಟ್ಟನೆ ಉಪಾಯ ಹೊಳೆಯಿತು. ತುಪ್ಪ ಸೋರುವ ಕೈಯನ್ನೇ ಎತ್ತಿ ತೋರಿಸಿದ. "ಆಗಕ್ಕಿಲ್ಲ ಸಾಮಿ! ಆಯಮ್ಮನ ಕೈಲಿ ನಾನೂ ಉಂಡ್ಬುಟ್ಟೆ. ಗುಂಡ್ಲುಪೇಟೆಯೋರ ಮೇಲೆ ಇನ್ನೆಂಗೆ ಒದೀಲಿ?"

"ಒದಿಬ್ಯಾಡ. ಮುಂದಿನ ಭಾನುವಾರ ಮ್ಯಾಚು ನಂಜನಗೂಡಿನ ಮೇಲೆ."

ಅತ್ಲಯ್ಯ ಸಣ್ಣ ದನಿಯಲ್ಲಿ ಕೇಳಿದ. "ಅಲ್ಲಿ ಊಟಕ್ಕೆ ಕರೆಯೋರು ಯಾರಾದ್ರೂ ಅವ್ರಾ ಸಾಮಿ?"

ಹಿಂದೆ ನಿಂತಿದ್ದ ರಂಗನಾಯಕ ತೃಪ್ತಿಯಾಗಿ ತೇಗಿದ. "ಯಾರು ಕರುದ್ರೂ ಓಗಂಗಿಲ್ಲ ಕಣಣ್ಣ. ಮ್ಯಾಚ್ ಮುಗಿಯೋಗಂಟ ಆಡೋರ್ಗೆಲ್ಲ ಉಪಾಸ. ನಾನು ಕೋಚು, ಯೋಳ್ತಾ ಇವ್ನಿ."