ಜ್ವಾಳದಾಗ ಹಣ್ಣಿಗಿಟ್ಟ ಸಮುದ್ರ

ನನ್ನ ಮೊಮ್ಮಗಳಿಗಿ ಕಣ್ಣಿಗಿ ಕಾಣೋ ಮಂದಿ ಅಷ್ಟಾಗಿ ಸೇರಂಗಿಲ್ಲ. ಲಗ್ನದ ಮನಿಗಿ ಕರಕೊಂಡು ಹೋದ್ರ ಮೂಲ್ಯಾಗ ಕೂತು ಆಕಳಸ್ತಾಳ. ಅದೇ ಒಂದು ಹಿಡಿ ರಾಡಿ ಕೈಯಾಗ ಕೊಡ್ರಿ, ತವರಿನವರು ಬಂದಂಗ ಮಾರಿ ಅರಳತದ! ನಾ ಎರಡನೇ ಕ್ಲಾಸಿಗೇ ಸಾಲಿ ಬಿಟ್ಟಾಕಿ. ಬರಿಯೋದ್ರಾಗ ಹೆಚ್ಚುಕಮ್ಮಿ ಆದ್ರ ಹೊಟ್ಟ್ಯಾಗ ಹಾಕ್ಕೊಳ್ರಿ. ಆದ್ರ ಈ ಹುಡುಗಿ ಬಗ್ಗೆ ಬರೀಲಿಲ್ಲಂದ್ರ ನನಗ ಉಂಡದ್ದು ಕರಗಂಗಿಲ್ಲ.

ಸಣ್ಣಾಕಿ ಇದ್ದಾಗ ಮಾಕಣಿ ಊರಿನ ಡ್ಯಾಮ್ ನೋಡಲಿಕ್ಕ ಹೋಗಿದ್ವಿ. ಎಲ್ಲಾರೂ ನೀರು ನೋಡಿದ್ರು. ಈಕಿ ದಂಡಿ ಮ್ಯಾಲಿನ ಕರೀ ಕೆಸರು ಮೂಸಿ, "ಅಜ್ಜಿ, ಇದ್ರಾಗ ಯಾರೋ ಅಡಗಿ ಮಾಡಕತ್ತಾರ" ಅಂದಳು. ನಾ ಬೆನ್ನಿಗೊಂದು ಕೊಟ್ಟೆ. ಆಕಿ ಅಂದದ್ದು ಖರೇ ಅಂತ ತಿಳೀಲಿಕ್ಕ ನನಗ ಹದಿನೈದು ವರ್ಷ ಬೇಕಾತು.

ಈಗ ಆಕಿ ಕೊಂಕಣದ ದಂಡಿಗಿ ದೊಡ್ಡ ಸಾಲಿ ಕಲೀತಾಳ. ಏನು ಕಲೀತೀಯವ್ವಾ ಅಂದ್ರ, ಸಮುದ್ರದ ಬ್ಯಾಕ್ಟೀರಿಯಾ. ನಮ್ಮೂರು ಉಮರ್ಗಾದಾಗ ನಳದ ನೀರಿಗಿ ದಾರಿ ಕಾಯ್ಕೋತ ಬೆಳದ ಪೋರಿಗಿ ಸಮುದ್ರಾನೇ ಬೇಕಾತು ನೋಡ್ರಿ.

ಒಮ್ಮೆ ನಾ ಹಾಲಿಗಿ ಹೆಪ್ಪು ಹಾಕಾಕತ್ತಾಗ ಮಗ್ಗಲಾಗ ಬಂದು ಕೂತಳು. "ಅಜ್ಜಿ, ನಾ ಕಲಿಯೋ ಬ್ಯಾಕ್ಟೀರಿಯಾನೂ ಸಮುದ್ರದ ಹೆಪ್ಪು ಇದ್ದಂಗ. ಉಪ್ಪುನೀರಾಗ ನಿಂತ ಗಿಡದ ಎಲಿ ಉದುರತಾವ, ಮೀನ ಸಾಯತಾವ. ಅದನ್ನೆಲ್ಲಾ ತಿಂದು ಕರಗಸೋರು ಇವರೇ. ಇವರನ್ನ ಸಣ್ಣ ಹುಳ ತಿಂತಾವ, ಆ ಹುಳಾನ ಏಡಿ, ಮೀನದ ಮರಿ ತಿಂತಾವ. ಇವರಿಲ್ಲಂದ್ರ ದಂಡಿ ತುಂಬ ಹೆಣಾನೇ."

"ನಾವು ಮೀನ ತಿನ್ನೋರಲ್ಲ. ನಮಗೇನಾಗಬೇಕು?" ಅಂದರು ನಮ್ಮ ಯಜಮಾನರು. ಜ್ವಾಳದ ವ್ಯಾಪಾರಿ, ಲಾಭ ಇಲ್ಲದ ಮಾತು ಅವರ ಕಿವಿಗಿ ಬೀಳಂಗಿಲ್ಲ.

"ಮುತ್ಯಾ, ನೀವು ಉಸರಾಡತೀರಿಲ್ಲೋ? ಬಿಸಿಲಾಗ ಕೂತು ಉಸರಿನ ಗಾಳಿ ಮಾಡೋ ಜಾತಿನೂ ಇವರಾಗ ಅದ."

ಯಜಮಾನರು ಸ್ವಲ್ಪ ಹೊತ್ತು ಉಸರು ಬಿಗಿಹಿಡದು ಕೂತರು.

ಹೋದ ದೀಪಾವಳಿಗಿ ಎಲ್ಲಾರ ಮೊಮ್ಮಕ್ಕಳು ಮಿಠಾಯಿ ತಂದ್ರ, ಈಕಿ ಡಬ್ಬಿ ತುಂಬ ಸಮುದ್ರದ ಕೆಸರು ತಂದಳು. ಅದನ್ನ ಗಾಜಿನ ಬರಣಿಗಿ ತುಂಬಿ, ಹರಿದ ಪೇಪರ್ ಕಲಸಿ, ಮ್ಯಾಲೆ ಸಮುದ್ರದ ನೀರು ಹೊಯ್ದಳು. ಅದಕ್ಕ ತತ್ತಿ ಹಾಕೋ ಪದ್ಧತಿ ಅದ ಅಂತ. ನಮ್ಮ ಹೊಸ್ತಿಲಾ ದಾಟಿ ತತ್ತಿ ಒಳಗ ಬಂದಿಲ್ಲ. ಪಾಪ, ಅದರ ಬದಲಿಗಿ ಸಾಲಿ ಹಲಗಿ ಮ್ಯಾಲೆ ಬರಿಯೋ ಖಡು ಕುಟ್ಟಿ ಹಾಕಿದಳು. "ನಮ್ಮ ಮನ್ಯಾಗ ಇರೂತನಾ ಇವೂ ಲಿಂಗವಂತರೇ ಬಿಡು" ಅಂದಳು.

ಬರಣಿ ಕಿಡಕ್ಯಾಗಿಟ್ಟು ನನಗ ಒಪ್ಪಿಸಿದಳು. "ಹಾಸ್ಟೆಲ್ಲಿನಾಗ ಇಟ್ರ ವಾಸನಿಗಿ ಹುಡುಗ್ಯಾರು ಹೊರಗ ಒಗೀತಾರ. ಸಂಕ್ರಾಂತಿ ಆದಮ್ಯಾಲೆ ದೊಡ್ಡ ಸಾಹೇಬರು ನನ್ನ ಕೂಡಿಸಿ ಕೇಳತಾರ, ಅಜ್ಜಿ. ಸಂಶೋಧನಾಕ್ಕ ಒಂದೇ ಜಾಗ ಅದ. ಈ ಬರಣಿ ಬಣ್ಣ ತೋರಿಸೇ ನಾ ಮಾತಾಡಾಕಿ. ಇಲ್ಲಿಂದ ಕದಲಸಬ್ಯಾಡ."

ದಿನ ಕಳದಂಗ ಹಸಿರು ಬಂತು, ನಡುವ ಕುಂಕುಮದಂಥ ಕೆಂಪು ಎಳಿ ಬಂತು, ತಳದಾಗ ಕಾಡಿಗಿ. ಬಸರಿ ಸೊಸಿ ಸುದ್ದಿ ಹೇಳಿದಂಗ ನಾ ದಿನಾ ಫೋನಿನಾಗ ಹೇಳಿದೆ. ಎಳ್ಳಮಾವಾಸಿ ಹೊತ್ತಿಗಿ ಕೆಂಪು ಅಲ್ಲೇ ನಿಂತುಬಿಡ್ತು. ಪರೀಕ್ಷಾ ಹತ್ರ ಬಂದದ, ಇದು ಇನ್ನೂ ದೋರಗಾಯಿ! ಕಾಯಿಗಿ ಬಣ್ಣ ಬರಬೇಕಂದ್ರ ನಮ್ಮ ಕಡಿ ಏನು ಮಾಡತಾರ? ಜ್ವಾಳದಾಗ ಹುಗೀತಾರ. ನಾನೂ ಜ್ವಾಳದ ಪೀಪಾಯಿದಾಗ ಬರಣಿ ಹುಗದು ಮುಚ್ಚಳ ಹಾಕಿದೆ. ಐವತ್ತು ವರ್ಷ ಮಾವಿನಹಣ್ಣು ಮಾಡಿದ ಕೈ ಇದು.

"ಕೆಂಪು ಹೆಂಗದ, ಅಜ್ಜಿ?"

"ಒಳಗೊಳಗೇ ಹಣ್ಣಾಗಕತ್ತದ, ಬೇಟಾ."

ಆಕಿ ಬಂದ ದಿವಸ ದೊಡ್ಡ ಹಮ್ಮಿಲೆ ಜ್ವಾಳ ಸರಿಸಿ ಬರಣಿ ಎತ್ತಿದೆ. ಹಸಿರಿಲ್ಲ, ಕೆಂಪಿಲ್ಲ. ಮ್ಯಾಲಿಂದ ತಳತನಾ ಕರ್ರಗ. ಮುಚ್ಚಳ ಸಡಲಿಸಿದ್ರ ಕೊಳತ ತತ್ತಿ ವಾಸನಿ. ಹಂಗಂತ ಆಕಿ ಅಂದಳು, ನನಗ ಹೆಂಗ ಗೊತ್ತಾಗಬೇಕು? ಪರೀಕ್ಷಾ ನಾಕು ದಿನ ಉಳದಿತ್ತು. ಆಕಿ ಬರಣಿ ಉಡಿಯಾಗಿಟ್ಟುಕೊಂಡು ಕೂತಳು. ಆಕಿ ಬದುಕಿಗೇ ನಾ ಮುಚ್ಚಳ ಹಾಕಿದೆ ಅನಸ್ತು. ಚೆಲ್ಲಿದ ಜ್ವಾಳದ ಮ್ಯಾಲೇ ಕೂತೆ.

"ಎಷ್ಟು ದಿನ ಕತ್ತಲಾಗ ಇಟ್ಟಿ, ಅಜ್ಜಿ?"

"ಇಪ್ಪತ್ತು."

"ಒಮ್ಮೆನೂ ತಗದು ನೋಡಲಿಲ್ಲಾ?"

"ನಡುವ ತಗದ್ರ ಮಾವಿನಕಾಯಿ ಕೆಡತಾವ."

ಆಕಿ ನಗಲಿಕ್ಕ ಸುರು ಮಾಡಿದಳು, ಕಣ್ಣಾಗ ನೀರು ಬರೂತನಾ. ಆ ನೀರು ನಗಿದೋ ಬ್ಯಾರೇದೋ, ನಾ ಕೇಳಲಿಲ್ಲ. ಆಮ್ಯಾಲೆ ಬರಣಿ ಮೂಸಿದಳು. "ಸತ್ತಿಲ್ಲ. ಬಿಸಿಲು ಬೇಕಾದೋರು ಸೊರಗ್ಯಾರ. ಕತ್ತಲಾಗ ದುಡಿಯೋ ಕರೀಮಂದಿ ಒಂದು ದಿನಾನೂ ಸೂಟಿ ತಗೊಂಡಿಲ್ಲ. ಸಮುದ್ರದ ದಂಡ್ಯಾಗೂ ಕೆಸರಿನ ತಳಕ್ಕ ಹಿಂಗೇ."

ಅದೇ ಕರೀ ಬರಣಿ ತಗೊಂಡು ಹೋದಳು. ಸಾಹೇಬರ ಮುಂದ ಇಟ್ಟು ಜ್ವಾಳದ ಕಥಿ ಒಂದಕ್ಷರ ಬಿಡದಂಗ ಹೇಳಿದಳಂತ. ಎಲ್ಲಾರೂ ನಕ್ಕರಂತ. ಆಮ್ಯಾಲೆ ಒಬ್ಬರು, "ಬೆಳಕಿಲ್ಲದಾಗ ಯಾರು ಉಳೀತಾರ ಅಂತ ನೋಡೋ ಈ ಯುಕ್ತಿ ಯಾರದು?" ಅಂತ ಕೇಳಿದರಂತ.

"ನಮ್ಮಜ್ಜಿದು."

ಜಾಗ ಆಕಿಗೇ ಸಿಕ್ಕಿತು! ನಾ ಓಣಿ ತುಂಬ ಸಕ್ಕರಿ ಹಂಚಿದೆ. ಯಜಮಾನರು ತಾವೂ ಎರಡು ಸಲ ಬಾಯಿಗಿ ಹಾಕ್ಕೊಂಡರು.

ಬರಣಿ ಮತ್ತ ನನ್ನ ಕಿಡಕಿಗಿ ಬಂದದ. ಅದಕ್ಕೊಂದು ಚೀಟಿ ಹಚ್ಚ್ಯಾಳ. ಅಕ್ಷರ ಕೂಡಿಸಿ ಓದಿದೆ: "ಪ್ರಯೋಗ ಮಾಡಿದವರು", ಅದರ ಮುಂದ ನನ್ನ ಹೆಸರು. ರೇಶನ್ ಕಾರ್ಡ್ ಬಿಟ್ರ ಮತ್ತೆಲ್ಲೂ ಅದನ್ನ ಬರದದ್ದು ನಾ ನೋಡಿದಾಕಿ ಅಲ್ಲ.

ನಿನ್ನಿ ಮುಂಜಾನಿ ಆ ಕರೀ ಕೆಸರಿನ ನಡುವ, ಸೀರಿ ಸೆರಗಿನ ದಾರದಷ್ಟು ಸಣ್ಣದು, ಒಂದು ಕೆಂಪು ಎಳಿ ಕಂಡ್ತು. ಆಕಿಗಿ ಹೇಳಬೇಕಂತ ಫೋನ್ ಕೈಗಿ ತಗೊಂಡೆ. ಮೊದಲು ಇದಕ್ಕ ಬಿಸಿಲು ಅಂತ ಕೆಳಗಿಟ್ಟೆ. ಬರಣೀನ ಬಿಸಿಲಿಗಿ ಒಂದೀಟು ತಿರಗಿಸಿಟ್ಟು, ಅದರ ಮಗ್ಗಲಾಗೇ ಕೂತೆ.