ಕಾಕಾನ ಗಾಡಿಯ ಎರಡು ಬೆಲ್ಟು

ನಮ್ಮ ಕಾಕಾ ಈ ಲೋಕದಲ್ಲಿ ಯಾರನ್ನು ಬೇಕಾದರೂ ನಂಬುತ್ತಾನೆ, ಮೆಕ್ಯಾನಿಕ್‌ಗಳನ್ನು ಬಿಟ್ಟು. ಸವಣೂರಿನ ತನ್ನ ಮನೆಯ ಕೀಲಿಯನ್ನು ಹಾದಿಯಲ್ಲಿ ಹೋಗುವವರ ಕೈಗೆ ಕೊಟ್ಟು 'ಸ್ವಲ್ಪ ಇಟಗೋರಿ, ಬಂದೆ' ಎಂದು ಸಂತೆಗೆ ಹೋಗಿಬಿಡುವ ಆಸಾಮಿ. ಆದರೆ ಅವನ ಮೋಟಾರ್‌ಸೈಕಲ್ಲಿಗೆ ಬರೀ ಗಾಳಿ ಹಾಕುವವನ ಪಕ್ಕದಲ್ಲೂ ಪರೀಕ್ಷೆಯ ಮೇಲ್ವಿಚಾರಕನ ಹಾಗೆ ನಿಂತಿರುತ್ತಾನೆ.

ಆ ಗಾಡಿಯೂ ಅಂಥದ್ದೇ. ದೂರದೂರ ಪ್ರಯಾಣಕ್ಕೆಂದು ಪರದೇಶದಲ್ಲಿ ಮಾಡಿದ, ನಾಲ್ಕು ಸಿಲಿಂಡರಿನ, ಕಟ್ಟುಮಸ್ತಾದ ಎಮ್ಮೆಯಷ್ಟು ತೂಗುವ ಹಳೇ ಗಾಡಿ. ಹನ್ನೆರಡು ವರ್ಷದ ಹಿಂದೆ ಗೋವಾದಲ್ಲಿ ಒಬ್ಬ ಮುದುಕ, ಇನ್ನು ತನ್ನಿಂದ ಇದನ್ನು ಎತ್ತಿ ನಿಲ್ಲಿಸುವುದಾಗುವುದಿಲ್ಲ ಎಂದು ಮಾರಿದ್ದ. ಅದನ್ನು ಎಲ್ಲಿ ನಿಲ್ಲಿಸಿದರೂ ಜನ ಸುತ್ತ ನೆರೆದು ಮೊದಲು ಕೇಳುವುದು, "ಲೀಟರಿಗೆ ಎಷ್ಟು ಕೊಡತೈತ್ರಿ?"

"ಅದು ಕೊಡೂದಿಲ್ರಿ. ಬರೇ ಕುಡೀತೈತಿ" ಎನ್ನುವುದು ಕಾಕಾನ ಉತ್ತರ.

ಹೋದ ವರ್ಷ ಕಾಕಾ, ಕಾಕಿ ಇಬ್ಬರೂ ಹುಬ್ಬಳ್ಳಿಯಿಂದ ಅದರ ಮೇಲೆ ಬರುವಾಗ ತಡಸದಲ್ಲಿ ಚಹಾ ಕುಡಿಯಲು ನಿಂತರು. ಅಲ್ಲಿ ಯಾರೋ ಒಬ್ಬ ಸವಾರ ಗಾಡಿಯನ್ನು ಮೆಚ್ಚಿಕೊಂಡು, "ಇದರ ಟೈಮಿಂಗ್ ಬೆಲ್ಟ್ ಯಾವಾಗ ಬದಲಿಸೀರಿ?" ಎಂದು ಕೇಳಿದನಂತೆ. ಅಷ್ಟೇ. ಸಂಜೆ ನಾಲ್ಕರ ಸುಮಾರಿಗೆ ಶಿಗ್ಗಾಂವಿಯ ನನ್ನ ಮನೆಯ ಮುಂದೆ ಸವಣೂರಿಗೆ ಹೊರಟಿದ್ದ ಒಂದು ಟ್ರ್ಯಾಕ್ಟರ್ ಬಂದು ನಿಂತಿತು. ಹಿಂದಿನ ಟ್ರೇಲರ್‌ನಲ್ಲಿ ಹಗ್ಗ ಬಿಗಿದ ಗಾಡಿ, ಅದರ ಹ್ಯಾಂಡಲ್ ಹಿಡಿದು ನಿಂತ ಕಾಕಾ, ಮೂಲೆಯಲ್ಲಿ ಸೆರಗು ಹೊದ್ದು ಕೂತ ಕಾಕಿ.

"ಏನಾತೋ ಕಾಕಾ ಗಾಡಿಗೆ?" ಎಂದು ಗಾಬರಿಯಿಂದ ಓಡಿದೆ.

"ಏನೂ ಆಗಿಲ್ಲ. ಆಗಬಾರದಂತ ಏರಿಸಿಕೊಂಡು ಬಂದೇನಿ."

ಕಾಕಿ ಮಾತ್ರ, "ಹುಬ್ಬಳ್ಳಿಯಿಂದ ತಡಸದ ತನಕಾ ಭೇಷ್ ಇತ್ತಪಾ. ಒಂದ್ ಕಪ್ ಚಾ ಕುಡಿಯೂದ್ರಾಗ ಕೆಟ್ಟತು" ಎಂದಳು.

ಕಾಕಾ ನಲವತ್ತು ವರ್ಷ ಹಿಟ್ಟಿನ ಗಿರಣಿ ನಡೆಸಿದವನು. ಬೆಲ್ಟಿನ ವಿಷಯ ಅವನಿಗೆ ಯಾರೂ ಹೇಳಿಕೊಡಬೇಕಾಗಿಲ್ಲ. ಎಂಜಿನ್ನಿನೊಳಗೆ ಪಿಸ್ಟನ್ ಮೇಲೆ ಬರುವಾಗ ವಾಲ್ವುಗಳು ಮುಚ್ಚಿಕೊಳ್ಳಬೇಕು, ಆ ಹೊಂದಾಣಿಕೆ ತಪ್ಪದಂತೆ ಕಾಯುವವು ಎರಡು ಹಲ್ಲಿನ ಬೆಲ್ಟುಗಳು ಎಂದು ನನಗೆ ವಿವರಿಸಿದ. "ಗಿರಣ್ಯಾಗ ಬೆಲ್ಟ್ ಹರದ್ರ ಜ್ವಾಳ ಜ್ವಾಳನ ಉಳೀತೈತಿ. ಇದರಾಗ ಹರದ್ರ ಎಂಜಿನ್ನ ಹಿಟ್ಟಾಗತೈತಿ."

ಹದಿನೈದು ದಿನಕ್ಕೆ ಚಿಕ್ಕೇರೂರಿನಲ್ಲಿ ಕಾಕಿಯ ತಂಗಿಯ ಮೊಮ್ಮಗಳನ್ನು ತೊಟ್ಟಿಲಿಗೆ ಹಾಕುವವರಿದ್ದರು. ಬಸ್ಸಿಗೆ ಹೋಗೋಣ ಎಂದಳು ಕಾಕಿ. ಕಾಕಾ ಒಪ್ಪಲಿಲ್ಲ. ಗಾಡಿಯ ಮೇಲೆ ಬರುತ್ತೇನೆ ಎಂದು ಹೇಳಿಯಾಗಿದೆ, ಗಾಡಿಯ ಮೇಲೆಯೇ ಹೋಗಬೇಕು.

ಬೆಲ್ಟು ಹುಡುಕುವ ಕೆಲಸಕ್ಕೆ ನನ್ನನ್ನೂ ಎಳೆದುಕೊಂಡು ಹೋದ. ಗೋವಾದ ಮುದುಕ ಗಾಡಿಯ ಜೊತೆ ಸವೆದ ಬೆಲ್ಟೊಂದನ್ನು ಕೊಟ್ಟಿದ್ದ. ಅದನ್ನು ಹಾನಗಲ್ಲಿನ ಒಂದು ಬಿಡಿಭಾಗದ ಅಂಗಡಿಯ ಟೇಬಲ್ಲಿನ ಮೇಲೆ ಇಟ್ಟ.

"ಯಾವ ಕಾರಿಂದ್ರೀ ಇದು?" ಎಂದ ಅಂಗಡಿಯವನು.

"ಕಾರಲ್ರಿ, ಬೈಕಿಂದು."

"ಬೈಕಿಗೆ ಇಂಥಾ ಬೆಲ್ಟ್ ಇರೂದಿಲ್ರಿ."

"ಅದಕ್ಕ ನೋಡ್ರಿ ನಾ ಹಿಂಗ ಅಡ್ಡಾಡಾಕತ್ತಿದ್ದು."

ಹಲ್ಲು ಎಣಿಸಿ ಅಷ್ಟೇ ಹಲ್ಲಿನ, ಅಷ್ಟೇ ಅಗಲದ ಕಾರಿನ ಬೆಲ್ಟು ತರಿಸುವುದೆಂದು ತೀರ್ಮಾನವಾಯಿತು. ಅಂಗಡಿಯವನು ಎಣಿಸಿದ್ದಕ್ಕೂ ಕಾಕಾ ಎಣಿಸಿದ್ದಕ್ಕೂ ಒಂದು ಹಲ್ಲು ವ್ಯತ್ಯಾಸ ಬಂತು. ಮತ್ತೆ ಎಣಿಸಿದರು. ಮತ್ತೆ ಒಂದು ವ್ಯತ್ಯಾಸ, ಈ ಸಲ ಉಲ್ಟಾ. ಕೊನೆಗೆ ಬೋಲ್ಟು ಕೊಳ್ಳಲು ಬಂದಿದ್ದ ಗಿರಾಕಿಯೊಬ್ಬ ಪ್ರತಿ ಹಲ್ಲಿಗೂ ಸುಣ್ಣದ ಚುಕ್ಕೆ ಇಡುತ್ತಾ ಎಣಿಸಿ ಇಬ್ಬರನ್ನೂ ಪಾರು ಮಾಡಿದ. ತನ್ನ ಬೋಲ್ಟು ಒಯ್ಯುವುದನ್ನು ಮರೆತು ಹೋದ, ಪಾಪ.

ಬೆಲ್ಟುಗಳು ಬಂದವು. ಕೆಲಸ ಹಿಡಿಯುವ ದಿನ ನನಗೆ ಫೋನು ಮಾಡಿ ಸವಣೂರಿಗೆ ಕರೆಸಿದ. "ನೀ ಏನೂ ಮುಟ್ಟಬ್ಯಾಡ. ಸುಮ್ನ ನೋಡ್ಕೋತ ಕುಂದ್ರು. ಆಮ್ಯಾಲ ಹೆಂಗಿತ್ತು ಅಂತ ಕೇಳಿದ್ರ ಹೇಳಾಕ ಒಬ್ಬರು ಬೇಕು." ಮೂವತ್ತು ವರ್ಷ ಮಾಸ್ತರಿಕೆ ಮಾಡಿದ್ದಕ್ಕೆ ನನಗೆ ಸಿಕ್ಕ ಗೌರವ ಇದು.

ಅಂಗಳದಲ್ಲಿ ಗಾಡಿಯ ಮುಂದಿನ ರೇಡಿಯೇಟರ್ ಬಿಚ್ಚಿ, ಬೆಲ್ಟಿನ ಮುಚ್ಚಳ ತೆಗೆದ. ಬೆಲ್ಟು ಸುತ್ತುವ ಪುಲ್ಲಿಗಳ ಮೇಲಿನ ಗುರುತು ಎದುರಿನ ಗುರುತಿಗೆ ಕೂಡುವಂತೆ ಸ್ಪ್ಯಾನರಿನಿಂದ ಎಂಜಿನ್ನನ್ನು ನಿಧಾನ ತಿರುಗಿಸಿದ. ಆ ಗುರುತುಗಳ ಮೇಲೆ ಪಕ್ಕದ ಮನೆಯ ಹುಡುಗಿಯ ಉಗುರುಬಣ್ಣದಿಂದ ಕೆಂಪು ಚುಕ್ಕೆ ಇಟ್ಟ. ಬಲಗಡೆಯ ಬೆಲ್ಟು ಸಲೀಸಾಗಿ ಬದಲಾಯಿತು. ಎಡಗಡೆಯದನ್ನು ಜಾರಿಸಿ ತೆಗೆದು, ಹೊಸದನ್ನು ಎತ್ತಿಕೊಳ್ಳಲು ಹಿಂದಕ್ಕೆ ತಿರುಗಿದ. ಆಗ ಒಳಗಿನ ಸ್ಪ್ರಿಂಗಿನ ಒತ್ತಡಕ್ಕೆ ಪುಲ್ಲಿ ತಾನಾಗಿ ತಿರುಗಿ 'ಟಕ್' ಎಂದಿತು.

ನನ್ನ ಎದೆಯೂ ಟಕ್ ಎಂದಿತು. ಅಡಿಗೆಮನೆಯಿಂದ ಕಾಕಿ ಹೊರಗೆ ಬಂದಳು. "ಏನದು ಸಪ್ಪಳ?"

"ಯಾವ ಸಪ್ಪಳ?" ಎಂದ ಕಾಕಾ, ಬೆಲ್ಟು ಒರೆಸುತ್ತಾ.

ನಾಟಕ ಮಾಡುತ್ತಿದ್ದಾನೆ ಎಂದುಕೊಂಡೆ. ಹೊಸ ಬೆಲ್ಟು ಕೂರಿಸಲು ಹೊರಟಾಗ ಕಾಕಿ ಹೋಗಿ ಅವನ ಕೈ ಹಿಡಿದು ಪುಲ್ಲಿಯ ಕಡೆ ಬೆರಳು ತೋರಿಸಿದಳು. ಕೆಂಪು ಚುಕ್ಕೆ ಎರಡು ಹಲ್ಲು ಆಚೆ ಹೋಗಿತ್ತು. ಹಾಗೇ ಕೂರಿಸಿ ಸ್ಟಾರ್ಟ್ ಮಾಡಿದ್ದರೆ ಅವನು ಹೇಳಿದ ಹಿಟ್ಟು ಅಂಗಳದಲ್ಲೇ ಆಗುತ್ತಿತ್ತು. ಕಾಕಾ ಬಹಳ ಹೊತ್ತು ಆ ಚುಕ್ಕೆಯನ್ನು ನೋಡಿದ. ಪುಲ್ಲಿಯನ್ನು ಜಾಗಕ್ಕೆ ತಂದು, ಬೆಲ್ಟು ಹಾಕಿ, ಬಿಗಿ ನೋಡಿ, ಎಂಜಿನ್ನನ್ನು ಕೈಯಿಂದಲೇ ಎರಡು ಸುತ್ತು ತಿರುಗಿಸಿದ. ಗುರುತುಗಳು ಮತ್ತೆ ಕೂಡಿದವು.

ರೇಡಿಯೇಟರ್ ಜೋಡಿಸಿ ಗಾಡಿ ಸ್ಟಾರ್ಟ್ ಮಾಡುವಾಗ ಊಟದ ಹೊತ್ತು ಮೀರಿತ್ತು. ಎಂಜಿನ್ನು ಹತ್ತಿಕೊಂಡಿತು. ನಾನು ಖುಷಿಯಿಂದ ಎದ್ದು ನಿಂತೆ. ಕಾಕಾ ನನ್ನ ಕಡೆ ನೋಡಲೇ ಇಲ್ಲ. ಕಾಕಿಯ ಮುಖ ನೋಡಿ ಕೇಳಿದ, "ಏನರ ಸಪ್ಪಳ ಬರಾಕತ್ತೈತೇನು?"

ಕಾಕಿ ಸೆರಗು ಸಿಕ್ಕಿಸಿಕೊಂಡು ಗಾಡಿಯ ಪಕ್ಕ ಬಾಗಿದಳು. ಒಂದು ಬದಿ ಆಲಿಸಿದಳು, ಸುತ್ತಿ ಬಂದು ಇನ್ನೊಂದು ಬದಿ ಆಲಿಸಿದಳು. "ಬಲಗಡೆ ಏನೋ ಕೆರದಂಗ ಆಗತೈತಿ ನೋಡ್ರಿ. ಸಣ್ಣಗ."

ನನಗೆ ಕೇಳಿಸಿರಲಿಲ್ಲ. ಕಾಕಾ ಕೂಡಲೇ ಎಂಜಿನ್ನು ಆರಿಸಿ ಮತ್ತೆ ಎಲ್ಲವನ್ನೂ ಬಿಚ್ಚಿದ. ಮುಚ್ಚಳದ ಅಂಚು ಬಾಗಿ ಹೊಸ ಬೆಲ್ಟಿಗೆ ತಾಗುತ್ತಿತ್ತು.

ಅವನು ಅದನ್ನು ನೆಟ್ಟಗೆ ಮಾಡುತ್ತಿದ್ದಾಗ ನಾನು ಒಳಗೆ ಹೋಗಿ ಕಾಕಿಯನ್ನು ಕೇಳಿದೆ. "ಯಾವಾಗಿಂದ ಹಿಂಗ?"

"ಮೂರು ವರ್ಷ ಆತು. ಬಲಗಿವಿ ಪೂರಾ ಹೋಗೇತಿ. ಎಡಗಿವಿ ಮುಂದ ನಿಂತು ಮಾತಾಡಿದ್ರ ತಿಳೀತೈತಿ. ಕಿವಿಗೆ ಮಷೀನ್ ಹಾಕ್ಕೋರಿ ಅಂದ್ರ ನಾಳೆ, ನಾಡದು ಅಂತಾರ. ಯಾರಿಗೂ ಹೇಳಬ್ಯಾಡ ಅಂದಾರ, ನೀನೂ ಹೇಳಬ್ಯಾಡ."

"ಮತ್ತ ಗಾಡಿ ಹೆಂಗ ನಡಸ್ತಾನ?"

"ನಾ ಇರ್ತೇನಲ್ಲಪಾ" ಎಂದು ಕಾಕಿ ರೊಟ್ಟಿ ಬಡಿಯಲು ಕೂತಳು.

ತೊಟ್ಟಿಲ ಶಾಸ್ತ್ರದ ದಿನ ಮೂವರೂ ಹಾನಗಲ್ಲಿನ ಮೇಲೆ ಹಾಯ್ದು ಚಿಕ್ಕೇರೂರಿಗೆ ಹೊರಟೆವು. ಅವರಿಬ್ಬರೂ ಗಾಡಿಯ ಮೇಲೆ ಮುಂದೆ, ನಾನು ಸ್ಕೂಟರಿನಲ್ಲಿ ಹಿಂದೆ. ಹಾನಗಲ್ಲು ದಾಟಿದ ಮೇಲೆ ಒಂದು ಲಾರಿ ಹಾರ್ನ್ ಹೊಡೆಯುತ್ತಾ ಬಂದು ನನ್ನನ್ನು ದಾಟಿ ಅವರ ಬೆನ್ನಿಗೆ ಹತ್ತಿತು. ಕಾಕಾನ ತಲೆ ಅಲುಗಲಿಲ್ಲ. ಕಾಕಿಯ ಕೈ ಅವನ ಎಡ ಭುಜವನ್ನು ಒತ್ತಿತು. ಅಷ್ಟು ದೊಡ್ಡ ಗಾಡಿ ಮೆತ್ತಗೆ ಎಡಕ್ಕೆ ಸರಿಯಿತು. ಲಾರಿ ಹೋಯಿತು.

ರಸ್ತೆ ಖಾಲಿಯಾದ ಮೇಲೂ ಕಾಕಿ ಆ ಕೈ ತೆಗೆಯಲಿಲ್ಲ.