ಸೊಸೆ ಕೈಲಿ ನನ್ನ ದಸ್ತಗಿರಿ

ಹುಟ್ಟಿದಾಗಿನಿಂದ ನಾನು ಪೊಲೀಸ್ ಠಾಣೆಯ ಮೆಟ್ಟಿಲು ಹತ್ತಿದವಳಲ್ಲ. ಶಿವನ ದಯೆಯಿಂದ ಇವತ್ತಿಗೂ ಹತ್ತಿಲ್ಲ. ಆದರೂ ದಸ್ತಗಿರಿ ಆಗಿಬಿಟ್ಟೆ! ಅದೂ ನಮ್ಮನೆ ಜಗುಲಿಯ ಮೇಲೆ, ನನ್ನ ಸೊಸೆಯ ಕೈಯಿಂದ, ನಾನೇ ಒತ್ತಾಯ ಮಾಡಿ ಕೇಳಿಕೊಂಡು.

ಸೊಸೆ ಚೈತ್ರ ಸಬ್‌ಇನ್‌ಸ್ಪೆಕ್ಟರ್ ಹುದ್ದೆಗೆ ಆಯ್ಕೆಯಾಗಿ ತರಬೇತಿಯಲ್ಲಿದ್ದಾಳೆ. ಮೂರು ದಿನದ ರಜೆಗೆ ಚಿತ್ರದುರ್ಗಕ್ಕೆ ಬಂದಿದ್ದಳು. ಸೋಮವಾರ ಅವಳಿಗೆ ಪರೀಕ್ಷೆ: ಸಂವಿಧಾನ ಮತ್ತು ಅಪರಾಧ ಕಾನೂನು. ಭಾನುವಾರ ನಮಗೂ ಪರೀಕ್ಷೆಯೇ. ಮಗಳು ಕಾವ್ಯಾಳ ಮದುವೆಯ ಮಾತು ಮುಗಿಸಿ ವೀಳ್ಯ ಬದಲಾಯಿಸಲು ಹೊಸದುರ್ಗದಿಂದ ಬೀಗರು ಬರುವವರಿದ್ದರು. ಎರಡು ವರ್ಷ ಹುಡುಕಿ, ಎಷ್ಟೋ ಸೋಮವಾರ ಉಪವಾಸ ಮಾಡಿ ಸಿಕ್ಕ ಸಂಬಂಧ. ಹುಡುಗ, ಹುಡುಗಿ ಒಪ್ಪಿದ್ದರು. ನಮ್ಮ ಪಕ್ಕದ ಮನೆ ರುದ್ರಮ್ಮನೇ ಓಡಾಡಿ ಕೂಡಿಸಿದ್ದು; ಫೋನಿನ ಮಾತುಕತೆಯೆಲ್ಲ ಅವಳದೇ.

ಶನಿವಾರ ಮಧ್ಯಾಹ್ನ ಚೈತ್ರ ತಲೆ ಮೇಲೆ ಕೈ ಹೊತ್ತು ಕೂತಿದ್ದಳು.

"ಓದಿದ್ದು ಒಂದೂ ನಿಲ್ಲವಲ್ದು ಅತ್ತೆ."

"ನಾನಿಲ್ವೇನವ್ವ? ಸಹಸ್ರನಾಮ ಬಾಯಿಪಾಠ ಮಾಡ್ದೋಳಿಗೆ ಇದ್ಯಾವ ಮಹಾ! ಪುಸ್ತಕ ಕೊಡಿಲ್ಲಿ."

ಪುಸ್ತಕದ ಮೇಲೆ 'ನ್ಯಾಯ ಸಂಹಿತೆ', 'ಸುರಕ್ಷಾ ಸಂಹಿತೆ' ಎಂದೆಲ್ಲ ಇತ್ತು. ಸಂಹಿತೆ ಅಂದಮೇಲೆ ಮುಟ್ಟುವ ಮುಂಚೆ ಕೈ ತೊಳೆಯಬೇಡವೇ? ತೊಳೆದೆ. ರಟ್ಟಿಗೆ ಮೂರು ಬೆರಳ ವಿಭೂತಿ ಎಳೆದು, ಒಂದು ಕಣಗಿಲೆ ಹೂ ಇಟ್ಟು, ಕಣ್ಣಿಗೊತ್ತಿಕೊಂಡು ತೆರೆದೆ. ಚೈತ್ರ ಬಾಯಿಗೆ ಸೆರಗು ಒತ್ತಿಕೊಂಡಳು. ಭಕ್ತಿಯಿಂದ ಅಂದುಕೊಂಡೆ.

ಸಂವಿಧಾನದಲ್ಲಿ ಸಾಲು ಸಾಲು ವಿಧಿಗಳು. ನನಗೆ ವಿಧಿ ಅಂದರೆ ಹಣೆಯಲ್ಲಿ ಬರೆದದ್ದು ಅಷ್ಟೇ ಗೊತ್ತು. ಇಪ್ಪತ್ತನೇ ವಿಧಿಯ ಮೂರನೇ ಉಪವಿಧಿ ಮಾತ್ರ ಬಹಳ ಹಿಡಿಸಿತು. ಆರೋಪಿಯಾದವನು ತನ್ನ ವಿರುದ್ಧ ತಾನೇ ಸಾಕ್ಷಿ ಹೇಳಬೇಕೆಂದು ಯಾರೂ ಬಲವಂತ ಮಾಡುವಂತಿಲ್ಲವಂತೆ. ಅಂದರೆ ಸುಮ್ಮನಿರುವ ಹಕ್ಕು! ಇದೊಂದು ಹಕ್ಕನ್ನು ನಾನು ಈ ಜನ್ಮದಲ್ಲಿ ಚಲಾಯಿಸಿಲ್ಲ ಎಂದು ನಮ್ಮ ಮನೆಯವರು ಬೇಕಾದರೆ ಬರೆದುಕೊಡುತ್ತಾರೆ.

ಮುಂದಿನ ಪುಟದಲ್ಲಿದ್ದ ಪ್ರಶ್ನೆ ಓದಿದೆ. "ಸೊಸೆಗೆ ಕಿರುಕುಳ ನೀಡಿದ ಆರೋಪದ ಮೇಲೆ ಅತ್ತೆಯನ್ನು ದಸ್ತಗಿರಿ ಮಾಡುವಾಗ ಅನುಸರಿಸಬೇಕಾದ ಕ್ರಮಗಳನ್ನು ವಿವರಿಸಿ."

ಚೈತ್ರ ತಡವರಿಸಿದಳು. ಅಷ್ಟರಲ್ಲಿ ನನಗೊಂದು ಯೋಚನೆ ಹೊಳೆಯಿತು. ನನಗೆ ಯೋಚನೆ ಹೊಳೆದ ದಿನ ನಮ್ಮನೆಯಲ್ಲಿ ಯಾರೂ ನೆಟ್ಟಗೆ ಊಟ ಮಾಡಿದ್ದಿಲ್ಲ.

"ಓದಿದ್ರೆ ಮರ್ತೋಗುತ್ತೆ, ಮಾಡಿದ್ರೆ ಮರೆಯಲ್ಲ. ಅತ್ತೆ ಇದೀನಿ, ಸೊಸೆ ಇದೀಯ. ನನ್ನೇ ಹಿಡಿ!"

"ಅಯ್ಯೋ, ಬೇಡ್ರಿ ಅತ್ತೆ!"

"ಯಾಕೆ ಬೇಡ? ಖಾಕಿ ಹಾಕ್ಕೊಂಡು ಬಾ. ನಾನೂ ಕಣ್ತುಂಬ ನೋಡಿದಂಗೆ ಆಗ್ತೈತೆ."

ಬೀಗರು ಬರುತ್ತಾರೆಂದು ಕಾವ್ಯ ಒಳಗೆಲ್ಲ ನೀರು ಹೊಯ್ದು ತೊಳೆಯುತ್ತಿದ್ದಳು. ಹಾಗಾಗಿ ಜಗುಲಿಗೆ ಬಂದೆವು. ಚೈತ್ರ ಇಸ್ತ್ರಿ ಮಾಡಿದ ಖಾಕಿ ತೊಟ್ಟು ಬಂದಾಗ ನನ್ನ ಎದೆ ತುಂಬಿ ಬಂತು. ದೃಷ್ಟಿ ತೆಗೆಯಲು ಕೈ ಎತ್ತಿದೆ.

"ಆರೋಪಿ ಕೈ ಎತ್ತಂಗಿಲ್ಲ ಅತ್ತೆ."

ಇಳಿಸಿದೆ.

"ಸೂರ್ಯ ಮುಳುಗಿದ್ಮೇಲೆ ಹೆಣ್ಮಕ್ಕಳನ್ನ ದಸ್ತಗಿರಿ ಮಾಡಂಗಿಲ್ಲ," ಎಂದು ಒಪ್ಪಿಸಿದಳು.

"ಹಂಗಾದ್ರೆ ಬೇಗ ಮಾಡು ತಾಯಿ, ಸಂಜೆ ದೀಪ ಹಚ್ಬೇಕು."

ಕೈಕೋಳಕ್ಕೆ ನನ್ನ ಬಳೆಗಳನ್ನೇ ಸೇರಿಸಿ ರಿಬ್ಬನ್ ಕಟ್ಟು ಎಂದೆ. ಈ ಕೇಸಿಗೆ ಕೋಳ ಹಾಕುವ ಹಾಗಿಲ್ಲ ಎಂದಳು. ನನಗೆ ಸ್ವಲ್ಪ ನಿರಾಸೆಯೇ ಆಯಿತು. ನನ್ನ ಮಣಿಕಟ್ಟು ಹಿಡಿದು, ಯಾವ ಕಾರಣಕ್ಕೆ ಹಿಡಿದಿದ್ದೇನೆಂದು ಜೋರಾಗಿ ಹೇಳಿದಳು. ವಕೀಲರನ್ನು ಕಾಣುವ ಹಕ್ಕಿದೆ ಎಂದಳು. ಇಪ್ಪತ್ನಾಲ್ಕು ಗಂಟೆಯೊಳಗೆ ಮ್ಯಾಜಿಸ್ಟ್ರೇಟ್ ಮುಂದೆ ನಿಲ್ಲಿಸುತ್ತೇನೆ ಎಂದಳು. ನಾಳೆ ಹನ್ನೊಂದಕ್ಕೆ ಬೀಗರ ಮುಂದೆ ನಿಲ್ಲಬೇಕಲ್ಲ ಎಂದು ನಾನು ನೆನಪಿಸಿದೆ.

"ದಸ್ತಗಿರಿ ವಿಷಯ ಯಾರಿಗೆ ತಿಳಿಸ್ಬೇಕು?"

"ನನ್ನ ತಮ್ಮ ಶಿವಣ್ಣ, ಹೊಳಲ್ಕೆರೆ." ನಂಬರೂ ಹೇಳಿದೆ. ಅವಳ ಕೈಯಲ್ಲಿ ಅರೆಸ್ಟ್ ಮೆಮೋ ಇತ್ತು, ಅಂದರೆ ದಸ್ತಗಿರಿಯ ಕಾಗದ. ಅದರಲ್ಲಿ ದುಂಡಗೆ ಬರೆದುಕೊಂಡಳು.

"ಇದಕ್ಕೆ ಮನೆಯವರು ಇಲ್ಲಾಂದ್ರೆ ಊರಿನ ಮರ್ಯಾದಸ್ಥರೊಬ್ಬರು ಸಾಕ್ಷಿ ಸಹಿ ಹಾಕ್ಬೇಕು ಅತ್ತೆ. ಕಾವ್ಯನ್ನ ಕರೀಲಾ?"

ಅಲ್ಲಿಗೆ ಮುಗಿಸಬಹುದಿತ್ತು. ಮುಗಿಸಿದೆನೇ? ಇಲ್ಲ. "ಮರ್ಯಾದಸ್ಥರೇ ಬೇಕು ಅಂದ್ರೆ ರುದ್ರಮ್ಮ ಇದಾಳಲ್ಲ. ಆಟ ಅಂತ ಮಾತ್ರ ಹೇಳ್ಬೇಡ. ನಗ್ತಾಳೆ, ಎಲ್ಲಾ ಕೆಡುತ್ತೆ."

ರುದ್ರಮ್ಮ ಬಂದಳು. ಖಾಕಿ ನೋಡಿದಳು. ಸೊಸೆಯ ಮುಷ್ಟಿಯಲ್ಲಿದ್ದ ನನ್ನ ಕೈ ನೋಡಿದಳು. ಕಾಗದ ಓದಿದಳು. ಮುಖ ಬಿಳುಚಿಕೊಂಡಿತು.

"ಏನಿದು ಪಾರ್ವತಕ್ಕ? ಕಿರುಕುಳಾನಾ? ನೀನಾ?"

ನಾನು ತಲೆ ತಗ್ಗಿಸಿ ಗಂಭೀರವಾಗಿ ನುಡಿದೆ: "ನಾನೇನೂ ಹೇಳಲ್ಲ ರುದ್ರಮ್ಮ. ವಕೀಲರು ಬರ್ಲಿ."

ಅವಳು ಸಹಿ ಹಾಕಿ, ಚಪ್ಪಲಿ ಅಲ್ಲೇ ಬಿಟ್ಟು ಓಡಿದಳು. "ನೋಡ್ದ್ಯಾ ನನ್ನ ಅಭಿನಯ!" ಎಂದು ಚೈತ್ರಳ ಕಡೆ ತಿರುಗಿ ಬೀಗಿದೆ.

ಒಳಗೆ ಕುಕ್ಕರ್ ಕೂಗಿತು. ಚೈತ್ರ ಹೋಗುತ್ತಾ, "ಹಿರಿಯೂರಿನ ನನ್ನ ಗೆಳತಿಗೆ ಹೇಳಿದೀನಿ ಅತ್ತೆ, ಆಮೇಲೆ ಫೋನ್ ಮಾಡಿ ವಿಚಾರಣೆ ಮಾಡ್ತಾಳೆ. ಸುಮ್ನೆ ಉತ್ತರ ಕೊಡ್ರಿ," ಎಂದಳು. ಐದೇ ನಿಮಿಷಕ್ಕೆ ಫೋನ್ ಬಂತು. ಗೊತ್ತಿಲ್ಲದ ನಂಬರು. ಗಡಸು ದನಿಯ ಹೆಂಗಸು.

"ಏನ್ರಿ, ನಿಮ್ಮನೇಲಿ ಪೊಲೀಸ್ರು ಅಂತೆ? ಸೊಸೆಗೆ ತೊಂದ್ರೆ ಕೊಟ್ರಂತೆ? ನಿಜಾನಾ?"

ಹುಡುಗಿ ಎಂಥ ದನಿ ತೆಗೆದಿದ್ದಾಳೆ ಎಂದು ಮೆಚ್ಚಿಕೊಂಡೆ. "ನನ್ನ ವಿರುದ್ಧ ನಾನೇ ಸಾಕ್ಷಿ ಹೇಳು ಅಂತ ಯಾರೂ ಬಲವಂತ ಮಾಡಂಗಿಲ್ಲ!"

"ಅಲ್ರಿ, ಸೊಸೆ ಏನಾದ್ರೂ ತಪ್ಪು ಮಾಡಿದ್ಲಾ? ಅದಾದ್ರೂ ಹೇಳ್ರಿ."

"ಒಂದು ಮಾತೂ ಹೇಳಲ್ಲ. ಇಪ್ಪತ್ತನೇ ವಿಧಿ, ಮೂರನೇ ಉಪವಿಧಿ!"

ಫೋನ್ ಇಟ್ಟೆ. ಇಷ್ಟು ಕಡಿಮೆ ಮಾತಾಡಿ ಇಷ್ಟು ಗೆದ್ದದ್ದು ನನ್ನ ಜೀವಮಾನದಲ್ಲೇ ಮೊದಲು.

ಒಂದೂಕಾಲು ಗಂಟೆಯಲ್ಲಿ ಬೈಕೊಂದು ಬಂದು ಗೇಟಿಗೆ ಗುದ್ದಿ ನಿಂತಿತು. ನನ್ನ ತಮ್ಮ ಶಿವಣ್ಣ! ಕಂಕುಳಲ್ಲಿ ಪ್ಲಾಸ್ಟಿಕ್ ಚೀಲ, ಕಣ್ಣಲ್ಲಿ ನೀರು.

"ಅಕ್ಕಾ, ಹೆದರ್ಕಬ್ಯಾಡ! ನಾನಿದೀನಿ! ಪಹಣಿ ತಂದೀನಿ, ಜಾಮೀನು ಕೊಡ್ತೀನಿ! ಎಲ್ಲಿಟ್ಟವ್ರೆ ನಿನ್ನ?"

"ಅಡುಗೆಮನೇಲಿ ಕಣೋ," ಎಂದೆ. ಕೈಯಲ್ಲಿ ಒಗ್ಗರಣೆ ಸೌಟಿತ್ತು.

ಮೆಮೋದಲ್ಲಿ 'ತಿಳಿಸಬೇಕಾದವರು' ಎಂದು ಬರೆದಿತ್ತಲ್ಲ, ಮರ್ಯಾದಸ್ಥಳಾದ ರುದ್ರಮ್ಮ ತಿಳಿಸಿಬಿಟ್ಟಿದ್ದಳು! ಹೊರಗೆ ಬಂದು ನೋಡಿದರೆ ಬೀದಿಯ ಅರ್ಧ ಜನ ನಮ್ಮ ಕಾಂಪೌಂಡಿಗೆ ಗಲ್ಲವೂರಿ ನಿಂತಿದ್ದಾರೆ. ಅವರ ನಡುವೆ ಬಾಳೆಹಣ್ಣಿನ ಗೊನೆ ಹೊತ್ತು ಮಾರ್ಕೆಟ್ಟಿನಿಂದ ಬರುತ್ತಿದ್ದ ನಮ್ಮ ಮನೆಯವರು.

"ಕಿರುಕುಳದ ಕೇಸಂತೆ ಭಾವ," ಎಂದ ಶಿವಣ್ಣ.

"ಸೊಸೆಗೆ ಮಾತ್ರಾನಾ?" ಎಂದರು ಇವರು, ಗೊನೆ ಇಳಿಸುತ್ತಾ. "ನಂದೂ ಸೇರಿಸ್ಕೊಳ್ಳಕ್ಕೆ ಬರ್ತೈತಾ ಕೇಳು."

ರುದ್ರಮ್ಮನನ್ನು ಕರೆದು ಆಟದ ಸಂಗತಿ ಹೇಳಿದೆ. ಅವಳು ಜಗುಲಿಯ ಮೇಲೆ ಕುಸಿದು ಕೂತಳು.

"ಅಯ್ಯೋ ಪಾರ್ವತಕ್ಕ! ಕೂಡಿಸ್ದೋಳು ನಾನು, ಆಮೇಲೆ ನನ್ನ ಮೇಲೆ ಮಾತು ಬರ್ತೈತೆ ಅಂತ ಹೊಸದುರ್ಗಕ್ಕೂ ಹೇಳ್ಬಿಟ್ನಲ್ಲೇ! ಗಂಗಮ್ಮೋರು ನಿಂಗೇ ಫೋನ್ ಮಾಡಿ ಕೇಳ್ತೀನಿ ಅಂದ್ರು. ಮಾಡ್ಲಿಲ್ವಾ?"

ಮಾಡಿದ್ದರು. ಆ ಗಡಸು ದನಿ ಬೀಗಿತ್ತಿ ಗಂಗಮ್ಮನವರದು! ನನ್ನ ಮಗಳ ಅತ್ತೆಯಾಗಬೇಕಾದವರು ನೀನು ಸೊಸೆಗೆ ಕಾಟ ಕೊಟ್ಟೆಯಾ ಎಂದು ಕೇಳಿದ್ದಾರೆ, ನಾನು ಇಪ್ಪತ್ತನೇ ವಿಧಿ ಹೇಳಿ ಫೋನ್ ಇಟ್ಟಿದ್ದೇನೆ! ಒಳಗೆ ಕಾವ್ಯ ಗಳಗಳ ಅಳತೊಡಗಿದಳು. "ಅಮ್ಮ, ನನ್ನ ಮದುವೇನೂ ದಸ್ತಗಿರಿ ಮಾಡ್ಸಿದ್ಯಲ್ಲ!" ಎಂದಳು. ಆ ಮಾತು ಎದೆಗೆ ನಾಟಿತು. ದೇವರ ಮುಂದೆ ಹೋಗಿ ಕೂತೆ.

ತಿರುಗಿ ಫೋನ್ ಮಾಡಿದರೆ ಅವರು ಎತ್ತಲಿಲ್ಲ. ಎತ್ತುವುದು ಹೇಗೆ? ದಾರಿಯಲ್ಲಿದ್ದರು! ಸೂರ್ಯ ಮುಳುಗುವ ಮುಂಚೆ ಕಾರು ಬಂದು ನಿಂತಿತು. ಗಂಗಮ್ಮ ಒಬ್ಬರೇ ಇಳಿದರು. ಅದೊಂದು ಪುಣ್ಯ. ಗಂಡಸರನ್ನು ಕರೆತಂದಿದ್ದರೆ ನಾನು ಬಾವಿ ಹುಡುಕಬೇಕಿತ್ತು.

"ಒಳಗೆ ಬರ್ರಿ, ಕುಂತ್ಕಳ್ರಿ," ಎಂದರು ಇವರು.

"ಕೂರಕ್ಕೆ ಬಂದಿಲ್ಲ. ಸೊಸೆ ಎಲ್ಲಿ?"

ಚೈತ್ರ ಬಂದು, ಕಾಲು ಮುಟ್ಟಿ ನಮಸ್ಕರಿಸಿ, ಪುಸ್ತಕ ತೆರೆದು ಆ ಪ್ರಶ್ನೆಯನ್ನೇ ತೋರಿಸಿದಳು. ಗಂಗಮ್ಮ ರಟ್ಟಿನ ವಿಭೂತಿ ನೋಡಿದರು, ಬಾಡಿದ ಹೂ ನೋಡಿದರು, ಮೆಮೋ ಓದಿದರು. ನಾನು ಬಾಯಿ ತೆರೆಯಲು ಹೋದೆ. ಎಲ್ಲಿಂದ ಶುರು ಮಾಡಲಿ ಎಂದು ತಿಳಿಯದೆ ಕೈ ಮುಗಿದು ನಿಂತೆ.

ಅವರು ನಿಧಾನವಾಗಿ ಕೂತರು.

"ನಾನು ಸಂಬಂಧ ಬ್ಯಾಡ ಅಂತ ಹೇಳಕ್ಕೇ ಹೊಂಟಿದ್ದೆ. ದಾರೀಲಿ ಯೋಚ್ನೆ ಬಂತು. ಫೋನಲ್ಲಿ ನಾನೇ ಕೆದಕಿ ಕೇಳಿದೆ, ಸೊಸೆದೇನಾದ್ರೂ ತಪ್ಪೈತಾ ಅಂತ. ಬ್ಯಾರೆಯೋರಾಗಿದ್ರೆ ಒಂದು ಗಂಟೆ ಹೇಳ್ತಿದ್ರು. ಈಯಮ್ಮ ಸೊಸೆ ಮೇಲೆ ಒಂದು ಮಾತು ಆಡ್ಲಿಲ್ಲ! ಈಗ್ಲೂ ನೋಡ್ರಿ, ಬಾಯಿ ಬಿಚ್ಚಲ್ಲ. ಇಂಥ ಮಿತಭಾಷಿ ತಾಯಿ ಮಗಳು ನಮ್ಮನೇಗೆ ಬೇಕು. ನಾಳೆ ವೀಳ್ಯ ಆಗ್ಲಿ."

ಮಿತಭಾಷಿ! ರುದ್ರಮ್ಮನಿಗೆ ಕೆಮ್ಮು ಬಂತು. ಶಿವಣ್ಣ ಪಹಣಿಯಿಂದ ಮುಖ ಮುಚ್ಚಿಕೊಂಡ. ಇವರು ನೀರು ಕುಡಿಯುತ್ತಿದ್ದವರು ಅಂಗಳಕ್ಕೆ ಓಡಿದರು. "ಅಯ್ಯೋ, ಅದೇನಾಯ್ತು ಅಂದ್ರೆ..." ಎಂದು ನಾನು ಶುರು ಮಾಡುವಷ್ಟರಲ್ಲಿ ಕಾವ್ಯ ತೊಡೆ ಚಿವುಟಿದಳು. ಬಾಯಿ ಮುಚ್ಚಿದೆ.

ರಾತ್ರಿ ಊಟಕ್ಕೆ ಕೂತಾಗ ಪುಸ್ತಕ ತಿರುವುತ್ತಿದ್ದ ಚೈತ್ರ ಹಣೆ ಚಚ್ಚಿಕೊಂಡಳು. "ಅತ್ತೆ! ಏಳು ವರ್ಷದೊಳಗಿನ ಶಿಕ್ಷೆ ಇರೋ ಕೇಸಲ್ಲಿ ಸುಮ್ಸುಮ್ನೆ ದಸ್ತಗಿರಿ ಮಾಡಂಗಿಲ್ಲ. ಮೊದ್ಲು ನೋಟಿಸ್ ಕೊಟ್ಟು ಕರೆಸ್ಬೇಕಿತ್ತು!" ಅಂದರೆ ನನ್ನನ್ನು ಹಿಡಿಯುವ ಅಗತ್ಯವೇ ಇರಲಿಲ್ಲ! ಸೋಮವಾರ ಅದೇ ಪ್ರಶ್ನೆ ಬಂತಂತೆ. ನೋಟಿಸಿನ ಮಾತನ್ನು ಮೊದಲ ಸಾಲಿನಲ್ಲೇ ಬರೆದಳಂತೆ. ನಾನು ಪಟ್ಟ ಪಾಡಿಗೆ ಅಷ್ಟಾದರೂ ಬೆಲೆ ಸಿಕ್ಕಿತಲ್ಲ, ಶಿವ ದೊಡ್ಡವನು.

ಮದುವೆಗೆ ಇನ್ನೂ ಎರಡು ತಿಂಗಳಿದೆ. ಬೀಗಿತ್ತಿ ದಿನ ಬಿಟ್ಟು ದಿನ ಫೋನ್ ಮಾಡುತ್ತಾರೆ. ನಾನು "ಹೂಂ", "ಆಗ್ಲಿ" ಎರಡೇ ಹೇಳುತ್ತೇನೆ. ಹೇಳದೆ ಉಳಿದದ್ದು ಹೊಟ್ಟೆಯಲ್ಲಿ ಬೆಂದು ಎದೆಯುರಿ ಬಂದಿದೆ. ಮನೆಯಲ್ಲಾದರೂ ಆಡೋಣವೆಂದರೆ, ಅಭ್ಯಾಸ ತಪ್ಪುತ್ತದೆ ಎಂದು ಕಾವ್ಯ ಬಿಡುವುದಿಲ್ಲ.

ಚೈತ್ರ ಆ ಪುಸ್ತಕವನ್ನು ಇಲ್ಲೇ ಬಿಟ್ಟು ಹೋಗಿದ್ದಾಳೆ. ಮೂವತ್ತು ವರ್ಷದಲ್ಲಿ ಒಂದು ದಿನವೂ ದೇವರಿಗೆ ಹೂ ಕೊಯ್ಯದ ನಮ್ಮ ಮನೆಯವರು ಈಗ ಬೆಳಗೆದ್ದು ಸ್ನಾನ ಮಾಡಿ, ಅದಕ್ಕೆ ತಾವೇ ಕಣಗಿಲೆ ಏರಿಸಿ ಕೈ ಮುಗಿಯುತ್ತಾರೆ!